ಪಿಂಗ್ ಹೋಗುತ್ತಿದೆ, ಇನ್ನೇನು ನೋಡಬೇಕು?

ಪ್ರಶ್ನೆ: ನಾನು ಬೆಂಗಳೂರಿನ ಕಂಪನಿಯೊಂದರಲ್ಲಿ ಸಿ++ನಲ್ಲಿ ಅಪ್ಲಿಕೇಶನ್ ಬರೆಯುವವಳು. ಕರ್ನಲ್ ಕೋಡ್ ಓದಿ ಅಭ್ಯಾಸವಿಲ್ಲ. ನಮ್ಮ ಟೀಮಿನ ಸೀನಿಯರ್ ಒಬ್ಬರು ಲಿನಕ್ಸ್‌ಗೆ ಒಂದು ವರ್ಚುವಲ್ ನೆಟ್‌ವರ್ಕ್ ಡ್ರೈವರ್ ಬರೆದು, ರಿವ್ಯೂಗೆ ನನ್ನ ಹೆಸರು ಹಾಕಿದ್ದಾರೆ. ವೆತ್ (ಲಿನಕ್ಸ್‌ನಲ್ಲೇ ಇರುವ ವರ್ಚುವಲ್ ಕೇಬಲ್) ಥರ ಎರಡು ತುದಿಯ ಜೋಡಿ ಅದು. ಒಂದು ತುದಿಯಿಂದ ಹೊರಟ ಪ್ರತಿ ಪ್ಯಾಕೆಟ್‌ನ ಮುಂದೆ ‘ಇದು ಇಂಥ ಗ್ರಾಹಕರದು’ ಎನ್ನುವ 8 ಬೈಟ್ ಟ್ಯಾಗ್ ಸೇರಿಸಿ ಇನ್ನೊಂದು ತುದಿಗೆ ತಲುಪಿಸುತ್ತದೆ. ಎರಡು ತುದಿ ಬೇರೆ ಬೇರೆ ನೇಮ್‌ಸ್ಪೇಸ್‌ನಲ್ಲಿ, ಅಂದರೆ ಒಂದೇ ಮಶೀನ್ ಒಳಗಿನ ಬೇರೆ ಬೇರೆ ನೆಟ್‌ವರ್ಕ್ ಕೋಣೆಗಳಲ್ಲಿ, ಇರುತ್ತವೆ. ಚೆಕ್‌ಪ್ಯಾಚ್ (ಕೋಡ್ ಶೈಲಿ ನೋಡುವ ಟೂಲ್) ಪಾಸಾಗಿದೆ. ಪಿಂಗ್ ಹೋಗುತ್ತದೆ, ವೇಗ ಅಳೆಯುವ ಐಪರ್ಫ್ ಚೆನ್ನಾಗಿ ಓಡುತ್ತದೆ. ಪ್ಯಾಕೆಟ್ ಕಳಿಸುವ ಫಂಕ್ಷನ್ ಜೊತೆಗಿಟ್ಟಿದ್ದೇನೆ. ಇದರಲ್ಲಿ ಏನು ನೋಡಬೇಕು? ಅಪ್ರೂವ್ ಮಾಡಬಹುದಾ?

ಉತ್ತರ: ಸದ್ಯಕ್ಕೆ ಅಪ್ರೂವ್ ಮಾಡಬೇಡಿ. ನೀವು ಕಳಿಸಿದ ಫಂಕ್ಷನ್‌ನಲ್ಲಿ ಇರುವುದು ಆರೇ ಹೆಜ್ಜೆ. ಅದರಲ್ಲಿ ನಾಲ್ಕು ಕಡೆ ತೊಂದರೆ ಇದೆ. ಹಾಗಂತ ಬರೆದವರು ಕಚ್ಚಾ ಎಂದೇನಲ್ಲ. ಇಂಥ ಡ್ರೈವರ್‌ಗಳಲ್ಲಿ ಎಲ್ಲರೂ ಎಡವುವ ಜಾಗಗಳೇ ಅವು. ಪಿಂಗ್‌ಗಾಗಲಿ ಐಪರ್ಫ್‌ಗಾಗಲಿ ಅವು ಸಿಕ್ಕಿಬೀಳುವುದಿಲ್ಲ.

ನಿಮಗೆ ಕರ್ನಲ್ ಹೊಸದು ಅಂದಿರಿ. ವರ್ಚುವಲ್ ಡ್ರೈವರ್‌ನಲ್ಲಿ ಅದು ಅಷ್ಟು ದೊಡ್ಡ ಅಡ್ಡಿ ಅಲ್ಲ. ನಿಜವಾದ ಕಾರ್ಡಿನ ಡ್ರೈವರ್ ಆದರೆ ರಿಜಿಸ್ಟರ್, ಇಂಟರಪ್ಟ್, ಡಿಎಂಎ ಎಂದು ಹಾರ್ಡ್‌ವೇರ್‌ನ ರಾಮಾಯಣ ಓದಬೇಕಿತ್ತು. ಇಲ್ಲಿ ಅದ್ಯಾವುದೂ ಇಲ್ಲ. ಒಂದು ಕಡೆಯಿಂದ ಪ್ಯಾಕೆಟ್ ಬರುತ್ತದೆ, ಇನ್ನೊಂದು ಕಡೆ ಹೋಗುತ್ತದೆ. ಹಾಗಾಗಿ ತಪ್ಪುಗಳೆಲ್ಲ ಎರಡೇ ಪ್ರಶ್ನೆಗಳ ಸುತ್ತ ಇರುತ್ತವೆ. ಈ ಸಾಲಿನಲ್ಲಿ ಪ್ಯಾಕೆಟ್ ಯಾರ ಕೈಯಲ್ಲಿದೆ? ಈ ಸಾಲು ಓಡುತ್ತಿರುವಾಗಲೇ ಯಾರಾದರೂ ಈ ಡಿವೈಸನ್ನು ಅಳಿಸಿದರೆ ಏನಾಗುತ್ತದೆ? ಸಿ++ನಲ್ಲಿ ಪಾಯಿಂಟರ್‌ನ ಮಾಲೀಕ ಯಾರು, ಆಯುಸ್ಸು ಎಷ್ಟು ಎಂದು ಯೋಚಿಸಿ ಅಭ್ಯಾಸವಿರುವವರಿಗೆ ಇದು ಗೊತ್ತಿರುವ ದಾರಿಯೇ.

ಕೋಡಿಗೆ ಹೋಗುವ ಮುಂಚೆ ಒಂದು ಮಾತು. ಈ ಡ್ರೈವರ್ ಬೇಕಾ? ಹೊಸಬರು ಈ ಪ್ರಶ್ನೆ ಕೇಳಲು ಹಿಂಜರಿಯುತ್ತಾರೆ. ಆದರೆ ರಿವ್ಯೂನಲ್ಲಿ ಇದಕ್ಕಿಂತ ಬೆಲೆಯುಳ್ಳ ಕಾಮೆಂಟ್ ಸಿಗುವುದು ಅಪರೂಪ. ಪ್ಯಾಕೆಟ್ ಯಾವ ಗ್ರಾಹಕರದು ಎಂದು ಗುರುತು ಹಾಕುವುದು ಹಳೆಯ ಸಮಸ್ಯೆ. ಒಂದೇ ನೆಟ್‌ವರ್ಕನ್ನು ಭಾಗ ಮಾಡುವ ವಿಲ್ಯಾನ್‌ನಲ್ಲಿ 4094 ಗುರುತು ಸಾಲಲಿಲ್ಲ ಎಂದೇ ವಿಎಕ್ಸ್‌ಲ್ಯಾನ್ ಬಂತು. 2014ರ ಆರ್‌ಎಫ್‌ಸಿ (ಇಂಟರ್ನೆಟ್ ತಾಂತ್ರಿಕ ದಾಖಲೆ) 7348ರಲ್ಲಿ ಅದರ ವಿವರ ಇದೆ. 24 ಬಿಟ್‌ನ ಗುರುತು, ಅಂದರೆ 1 ಕೋಟಿ 60 ಲಕ್ಷಕ್ಕೂ ಜಾಸ್ತಿ. ಅದೂ ಸಾಲದು, ನಮ್ಮದೇ ಮಾಹಿತಿ ಸೇರಿಸಬೇಕು ಎಂದರೆ ಅದೇ ಥರದ ಜಿನೀವ್ ಇದೆ. ಒಂದೇ ಮಶೀನ್‌ನ ಒಳಗಿನ ವ್ಯವಹಾರವಾದರೆ ವೆತ್ ಮೇಲೆ ಇಬಿಪಿಎಫ್ ಪ್ರೋಗ್ರಾಂ (ಕರ್ನಲ್ ಒಳಗೆ ಸುರಕ್ಷಿತವಾಗಿ ಓಡುವ ಚಿಕ್ಕ ಕೋಡ್) ಕೂರಿಸಬಹುದು. ಕರ್ನಲ್ 6.7ರಿಂದ ಬಂದ ನೆಟ್‌ಕಿಟ್ ಇಂಥದ್ದಕ್ಕೇ ಮಾಡಿದ ಜೋಡಿ ಡಿವೈಸ್.

ಇವೆಲ್ಲ ಯಾಕೆ ಆಗುವುದಿಲ್ಲ ಎಂದು ನಿಮ್ಮ ಸೀನಿಯರ್ ಹತ್ತಿರ ಉತ್ತರ ಇರಬಹುದು. ಇದ್ದರೆ ಅದು ಪ್ಯಾಚ್‌ನ ವಿವರಣೆಯಲ್ಲಿ ಇರಬೇಕು. ಯಾಕೆಂದರೆ ಕರ್ನಲ್‌ನ ಹೊರಗೆ ಇಟ್ಟುಕೊಂಡ ಡ್ರೈವರ್ ಸಾಕುವುದು ಖರ್ಚಿನ ಬಾಬತ್ತು. ಕರ್ನಲ್ ಒಳಗಿನ ಫಂಕ್ಷನ್‌ಗಳು ಹೀಗೇ ಇರುತ್ತವೆ ಎಂದು ಯಾರೂ ಮಾತು ಕೊಟ್ಟಿಲ್ಲ. 6.1ರಲ್ಲಿ ನಾಪಿ (ಬಂದ ಪ್ಯಾಕೆಟ್‌ಗಳನ್ನು ಒಟ್ಟೊಟ್ಟಿಗೆ ಎತ್ತಿಕೊಳ್ಳುವ ವ್ಯವಸ್ಥೆ) ಸೇರಿಸುವ ಫಂಕ್ಷನ್‌ನ ಒಂದು ಪ್ಯಾರಾಮೀಟರ್ ಮಾಯವಾಯಿತು. 6.12ರಲ್ಲಿ ‘ನನಗೆ ಟ್ರಾನ್ಸ್‌ಮಿಟ್ ಲಾಕ್ ಬೇಡ’ ಎಂದು ಹೇಳುವ ಫ್ಲ್ಯಾಗ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು. ಕರ್ನಲ್ ಒಳಗಿನ ಡ್ರೈವರ್‌ಗಳನ್ನು ಬದಲಾವಣೆ ಮಾಡಿದವರೇ ಸರಿಮಾಡಿಕೊಟ್ಟರು. ಹೊರಗಿನವರು ತಮ್ಮದನ್ನು ತಾವೇ ನೋಡಿಕೊಳ್ಳಬೇಕು.

ಇನ್ನು ಓದುವ ಕ್ರಮ. ಫೈಲನ್ನು ಮೇಲಿನಿಂದ ಕೆಳಕ್ಕೆ ಓದಬೇಡಿ. ಮೊದಲು ಡಿವೈಸ್‌ನ ಪ್ರೈವೇಟ್ ಸ್ಟ್ರಕ್ಟ್ ನೋಡಿ. ಅದರಲ್ಲಿ ಎಷ್ಟು ಪಾಯಿಂಟರ್ ಇವೆ, ಟೈಮರ್ ಅಥವಾ ವರ್ಕ್ (ಆಮೇಲೆ ಮಾಡಲು ಮುಂದೂಡಿದ ಕೆಲಸ) ಇದೆಯಾ, ಲಾಕ್ ಇದೆಯಾ ಎಂದು ಪಟ್ಟಿ ಮಾಡಿ. ಆಮೇಲೆ ಡಿವೈಸ್ ಹುಟ್ಟಿಸುವ ಮತ್ತು ಅಳಿಸುವ ಫಂಕ್ಷನ್‌ಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿ. ಕಳಿಸುವ ಫಂಕ್ಷನ್ ಕೊನೆಗೆ. ಹೋಲಿಸಿ ನೋಡಲು ಕರ್ನಲ್‌ನಲ್ಲೇ ಇರುವ ‘ಡಮ್ಮಿ’ ಡ್ರೈವರ್ ಒಳ್ಳೆಯದು. ಒಂದು ಕೂರುವಿಕೆಯಲ್ಲಿ ಓದಿ ಮುಗಿಸಬಹುದು. ವೆತ್‌ನಿಂದ ಶುರು ಮಾಡಬೇಡಿ. 2018ರಲ್ಲಿ ಎಕ್ಸ್‌ಡಿಪಿ (ಪ್ಯಾಕೆಟ್ ಬಂದ ಕೂಡಲೇ ಇಬಿಪಿಎಫ್ ಓಡಿಸುವ ದಾರಿ) ಸೇರಿದ ಮೇಲೆ ಅದು ಉಬ್ಬಿಹೋಗಿದೆ.

ಈಗ ನಿಮ್ಮ ಫಂಕ್ಷನ್. ಓದುವವರಿಗೆ ತಿಳಿಯಲಿ ಎಂದು ಹೆಜ್ಜೆಗಳನ್ನು ಹೇಳಿಬಿಡುತ್ತೇನೆ. ಮೊದಲು ಪ್ರೈವೇಟ್ ಸ್ಟ್ರಕ್ಟ್‌ನಿಂದ ಎದುರು ತುದಿಯ ಪಾಯಿಂಟರ್ ತಗೊಳ್ಳುತ್ತದೆ. ಆ ತುದಿ ಅಪ್ ಇಲ್ಲದಿದ್ದರೆ ಪ್ಯಾಕೆಟ್ ಬಿಸಾಡಿ ‘ಬ್ಯುಸಿ’ ಎಂದು ವಾಪಸ್ ಬರುತ್ತದೆ. ಅಪ್ ಇದ್ದರೆ ಸ್ಕಿಬಿ ಪುಷ್‌ನಿಂದ ಮುಂದೆ 8 ಬೈಟ್ ಜಾಗ ಮಾಡಿಕೊಂಡು ಟ್ಯಾಗ್ ಬರೆಯುತ್ತದೆ. ಪ್ಯಾಕೆಟ್‌ನ ಡಿವೈಸ್ ಎದುರಿನದ್ದು ಎಂದು ಬದಲಿಸಿ ಬಂದ ಪ್ಯಾಕೆಟ್‌ಗಳನ್ನು ಕರ್ನಲ್‌ನ ಒಳಕ್ಕೆ ತಗೊಳ್ಳುವ ನೆಟ್‌ಇಫ್ ಆರ್‌ಎಕ್ಸ್‌ಗೆ ಕೊಡುತ್ತದೆ. ಆಮೇಲೆ ಪ್ಯಾಕೆಟ್‌ನ ಉದ್ದವನ್ನು ಲೆಕ್ಕಕ್ಕೆ ಸೇರಿಸುತ್ತದೆ. ಕೊನೆಗೆ ‘ಓಕೆ’. (ಕರ್ನಲ್‌ನಲ್ಲಿ ಪ್ಯಾಕೆಟ್‌ನ ಸ್ಟ್ರಕ್ಟ್‌ಗೆ ಎಸ್‌ಕೆಬಿ ಅಂತಾರೆ. ಓದುವಾಗ ಕೆಲವರು ಸ್ಕಿಬಿ ಅಂತಾರೆ. ಎರಡೂ ಒಂದೇ.)

ಮೊದಲು ಆ ‘ಬ್ಯುಸಿ’. ಇದು ಕೊರಿಯರ್ ಹುಡುಗನ ವ್ಯವಹಾರ. ಸಹಿ ಹಾಕಿ ಪಾರ್ಸೆಲ್ ತಗೊಂಡರೆ ಅದು ನಿಮ್ಮದು, ಒಡೆದು ನೋಡಿ ಅಥವಾ ಕಸಕ್ಕೆ ಹಾಕಿ. ‘ಈಗ ಬೇಡ, ಆಮೇಲೆ ಬನ್ನಿ’ ಅಂದರೆ ಪಾರ್ಸೆಲ್ ಅವನದೇ, ಮುಟ್ಟುವ ಹಾಗಿಲ್ಲ. ‘ಓಕೆ’ ಎಂದು ವಾಪಸ್ ಬಂದರೆ ಎಸ್‌ಕೆಬಿ ಡ್ರೈವರ್‌ನದು. ‘ಬ್ಯುಸಿ’ ಅಂದರೆ ಕರ್ನಲ್‌ನದು. ಇಲ್ಲಿ ಪ್ಯಾಕೆಟ್ ಫ್ರೀ ಮಾಡಿ ಆಮೇಲೆ ಬ್ಯುಸಿ ಅಂದಿದ್ದಾರೆ. ಅಂದರೆ ಸತ್ತ ಎಸ್‌ಕೆಬಿಯನ್ನು ಕರ್ನಲ್ ಇನ್ನೂ ತನ್ನದು ಅಂದುಕೊಂಡಿರುತ್ತದೆ. ಡಿವೈಸ್‌ಗೆ ಕ್ಯೂ ಇದ್ದರೆ ಅದನ್ನು ಮತ್ತೆ ಕ್ಯೂಗೆ ಹಾಕುತ್ತದೆ, ಸ್ವಲ್ಪ ಹೊತ್ತಿಗೆ ನಿಮಗೇ ಮತ್ತೆ ಕೊಡುತ್ತದೆ. ಕ್ಯೂ ಇಲ್ಲದ ಡಿವೈಸ್ ಆದರೆ, ವರ್ಚುವಲ್ ಡಿವೈಸ್‌ಗಳು ಸಾಮಾನ್ಯವಾಗಿ ಹಾಗೇ ಇರುತ್ತವೆ, ‘ವರ್ಚುವಲ್ ಡಿವೈಸ್ ಆಸ್ಕ್ಸ್ ಟು ಕ್ಯೂ ಪ್ಯಾಕೆಟ್’ ಎಂದು ಲಾಗ್‌ನಲ್ಲಿ ಗೊಣಗಿ ತಾನೇ ಫ್ರೀ ಮಾಡುತ್ತದೆ. ಎರಡು ಸಲ ಫ್ರೀ ಆಯಿತು.

ಇದು ಟೆಸ್ಟ್‌ನಲ್ಲಿ ಯಾಕೆ ಸಿಗಲಿಲ್ಲ? ಎರಡೂ ತುದಿ ಅಪ್ ಮಾಡಿಯೇ ಪಿಂಗ್ ಹೊಡೆದಿರುತ್ತಾರೆ, ಅಲ್ವಾ. ಆ ಇಫ್ ಒಳಗೆ ಯಾರೂ ಕಾಲಿಟ್ಟಿಲ್ಲ. ಪರಿಹಾರ ಸುಲಭ: ಪ್ಯಾಕೆಟ್ ಬಿಸಾಡಿ, ಡ್ರಾಪ್ ಲೆಕ್ಕ ಹೆಚ್ಚಿಸಿ, ‘ಓಕೆ’ ಎಂದು ಬನ್ನಿ. ಕಾರ್ಡಿನ ರಿಂಗ್ ತುಂಬಿದಾಗ ಬ್ಯುಸಿ ಅನ್ನಲು ಕಾರಣವಿದೆ. ಅಲ್ಲೂ ಮೊದಲೇ ಕ್ಯೂ ನಿಲ್ಲಿಸಿಬಿಡಿ, ಬ್ಯುಸಿವರೆಗೆ ಬರಬೇಡಿ ಅಂತಾರೆ. ಇಂಥ ಜೋಡಿ ಡಿವೈಸ್‌ನಲ್ಲಿ ಬ್ಯುಸಿ ಕಂಡ ತಕ್ಷಣ ಕೆಂಪು ಗೆರೆ ಹಾಕಿ.

ಎರಡನೆಯದು ಲೆಕ್ಕದ ಸಾಲು. ನೆಟ್‌ಇಫ್ ಆರ್‌ಎಕ್ಸ್‌ಗೆ ಕೊಟ್ಟ ಮೇಲೆ ಎಸ್‌ಕೆಬಿ ನಿಮ್ಮದಲ್ಲ. ಬ್ಯಾಕ್‌ಲಾಗ್ ಕ್ಯೂ (ಬಂದ ಪ್ಯಾಕೆಟ್‌ಗಳು ಸರದಿಗೆ ಕಾಯುವ ಜಾಗ) ತುಂಬಿದ್ದರೆ ಆ ಫಂಕ್ಷನ್ ವಾಪಸ್ ಬರುವ ಹೊತ್ತಿಗೇ ಅದು ಫ್ರೀ ಆಗಿರುತ್ತದೆ. ಇಲ್ಲವೇ ಬೇರೆ ಸಿಪಿಯು ಅದನ್ನು ಆಗಲೇ ಮುಗಿಸಿರಬಹುದು. ಆಮೇಲೆ ಅದರ ಉದ್ದ ಓದಿದರೆ ಫ್ರೀ ಆದ ಮೆಮೊರಿ ಓದಿದ ಹಾಗೆ. ಮಜಾ ಏನೆಂದರೆ, ಬಹುತೇಕ ಸಲ ಆ ಮೆಮೊರಿಯಲ್ಲಿ ಹಳೆಯ ಅಂಕಿ ಹಾಗೇ ಕೂತಿರುತ್ತದೆ. ಐಪರ್ಫ್ ಲೆಕ್ಕವೂ ಡ್ರೈವರ್ ಲೆಕ್ಕವೂ ತಾಳೆಯಾಗುತ್ತವೆ. ಎಲ್ಲೋ ಲೋಡ್ ಜಾಸ್ತಿಯಾದ ದಿನ ಒಂದು ವಿಚಿತ್ರ ಸಂಖ್ಯೆ ಬರುತ್ತದೆ, ಯಾರಿಗೂ ಕಾರಣ ಹೊಳೆಯುವುದಿಲ್ಲ. ಡಮ್ಮಿ ಡ್ರೈವರ್ ನೋಡಿ: ಮೊದಲು ಉದ್ದ ಲೆಕ್ಕಕ್ಕೆ, ಆಮೇಲೆ ಫ್ರೀ. ನಿಮ್ಮಲ್ಲೂ ಕೊಡುವ ಮುಂಚೆ ಉದ್ದವನ್ನು ಒಂದು ಲೋಕಲ್ ವೇರಿಯೇಬಲ್‌ಗೆ ತಗೊಂಡರೆ ಮುಗಿಯಿತು. ಆ ಉದ್ದದಲ್ಲಿ ಟ್ಯಾಗ್‌ನ 8 ಬೈಟ್ ಸೇರಬೇಕಾ ಬೇಡವಾ ಎಂದೂ ಕೇಳಿ. ಈಗಿನ ಕೋಡ್ ಸೇರಿಸಿಯೇ ಎಣಿಸುತ್ತಿದೆ.

ಲೆಕ್ಕದ ಮಾತು ಬಂತು ಎಂದು ಇನ್ನೊಂದು. ಡ್ರೈವರ್ ‘ನನಗೆ ಲಾಕ್ ಬೇಡ’ ಎಂದು ಹೇಳಿದ್ದರೆ ಕಳಿಸುವ ಫಂಕ್ಷನ್ ಒಂದೇ ಕಾಲಕ್ಕೆ ಹಲವು ಸಿಪಿಯುಗಳಲ್ಲಿ ಓಡುತ್ತದೆ. ಆಗ ಪ್ರೈವೇಟ್ ಸ್ಟ್ರಕ್ಟ್‌ನ ಒಂದೇ ಅಂಕಿಯನ್ನು ಎಲ್ಲರೂ ಹೆಚ್ಚಿಸಿದರೆ ಎಣಿಕೆ ತಪ್ಪುತ್ತದೆ. ಪ್ರತಿ ಸಿಪಿಯುಗೂ ಬೇರೆ ಅಂಕಿ ಇಟ್ಟು ಕೇಳಿದಾಗ ಕೂಡಿಸುವ ವ್ಯವಸ್ಥೆ ಕರ್ನಲ್‌ನಲ್ಲೇ ಸಿದ್ಧ ಇದೆ, ಅದನ್ನೇ ಬಳಸಲಿ. ಟ್ಯಾಗ್ ಗ್ರಾಹಕರ ಹೆಸರಲ್ಲಿದೆ ಅಂದಿರಿ. ನಾಳೆ ಯಾರಾದರೂ ಈ ಲೆಕ್ಕದ ಮೇಲೆ ಬಿಲ್ ಹಾಕಿಯೇ ಹಾಕುತ್ತಾರೆ.

ಮೂರನೆಯದು ಟ್ಯಾಗ್ ಬರೆಯುವ ಜಾಗ. ಇದು ನಾಲ್ಕರಲ್ಲಿ ಸೂಕ್ಷ್ಮವಾದದ್ದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸ್ಕಿಬಿ ಪುಷ್ ಮಾಡುವುದು ಇಷ್ಟೇ: ಡೇಟಾ ಪಾಯಿಂಟರನ್ನು 8 ಬೈಟ್ ಹಿಂದಕ್ಕೆ ಎಳೆಯುತ್ತದೆ. ಹಿಂದೆ ಜಾಗ ಇಲ್ಲದಿದ್ದರೆ ಎರರ್ ಕೊಡುವುದಿಲ್ಲ, ಅಲ್ಲೇ ಕರ್ನಲ್ ಪ್ಯಾನಿಕ್. ನಿಮ್ಮ ಸೀನಿಯರ್ ಇದಕ್ಕೆಂದೇ ಸೆಟಪ್ ಫಂಕ್ಷನ್‌ನಲ್ಲಿ ‘ನೀಡೆಡ್ ಹೆಡ್‌ರೂಮ್’ 8 ಎಂದು ಹಾಕಿದ್ದಾರೆ ಎಂದು ನೀವು ಬರೆದಿದ್ದೀರಿ. ಸರಿಯಾದ ಕೆಲಸ. ಆದರೆ ಅದು ಕೋರಿಕೆ ಅಷ್ಟೇ. ಇದೇ ಮಶೀನ್‌ನಲ್ಲಿ ಹುಟ್ಟಿ ಈ ಡಿವೈಸ್‌ನಿಂದ ಹೊರಡುವ ಪ್ಯಾಕೆಟ್‌ಗೆ ಐಪಿ ಪದರ ಆ ಕೋರಿಕೆಯನ್ನು ನಡೆಸಿಕೊಡುತ್ತದೆ. ಪಿಂಗೂ ಐಪರ್ಫೂ ಆ ಜಾತಿಯವು, ಹಾಗಾಗಿ ಓಡಿದವು. ಈ ಡಿವೈಸನ್ನು ಬ್ರಿಡ್ಜ್‌ಗೆ (ಹಲವು ಡಿವೈಸ್ ಜೋಡಿಸುವ ಸಾಫ್ಟ್‌ವೇರ್ ಸ್ವಿಚ್) ಸೇರಿಸಿದರೆ ಬೇರೆ ಯಾವುದೋ ಡಿವೈಸ್‌ಗೆ ಬಂದ ಪ್ಯಾಕೆಟ್ ನೇರವಾಗಿ ಇಲ್ಲಿಗೆ ಬರುತ್ತದೆ. ಅದರ ಮುಂದೆ ಎಷ್ಟು ಜಾಗ ಇದೆಯೋ ಅಷ್ಟೇ.

ಜಾಗ ಇದ್ದರೂ ಅದು ನಿಮ್ಮೊಬ್ಬರದೇ ಆಗಿರಬೇಕೆಂದಿಲ್ಲ. ಬ್ರಿಡ್ಜ್ ಒಂದು ಬ್ರಾಡ್‌ಕಾಸ್ಟ್ ಪ್ಯಾಕೆಟನ್ನು ಎಲ್ಲ ಪೋರ್ಟ್‌ಗಳಿಗೂ ಹಂಚುವಾಗ ಪೂರ್ತಿ ಕಾಪಿ ಮಾಡುವುದಿಲ್ಲ, ಕ್ಲೋನ್ ಮಾಡುತ್ತದೆ. ಎಸ್‌ಕೆಬಿ ಬೇರೆ ಬೇರೆ, ಒಳಗಿನ ಬಫರ್ ಒಂದೇ. ಈಗ ಆ ಬ್ರಿಡ್ಜ್‌ನಲ್ಲಿ ನಿಮ್ಮ ಮೂರು ಡಿವೈಸ್ ಇವೆ, ಮೂರು ಗ್ರಾಹಕರದು ಅಂದುಕೊಳ್ಳಿ. ಮೊದಲನೆಯದು ಆ ಬಫರ್‌ನ ಮುಂದಿನ 8 ಬೈಟ್‌ನಲ್ಲಿ ಒಂದನೇ ಗ್ರಾಹಕರ ಟ್ಯಾಗ್ ಬರೆದು ಬ್ಯಾಕ್‌ಲಾಗ್‌ಗೆ ಹಾಕುತ್ತದೆ. ಅದನ್ನು ಇನ್ನೂ ಯಾರೂ ಓದಿಲ್ಲ. ಎರಡನೆಯದು ಅದೇ 8 ಬೈಟ್ ಮೇಲೆ ತನ್ನದನ್ನು ಬರೆಯುತ್ತದೆ. ಮೂರನೆಯದೂ ಅಷ್ಟೇ. ಕೊನೆಗೆ ಮೂರೂ ಕಡೆ ಮೂರನೇ ಗ್ರಾಹಕರ ಟ್ಯಾಗ್ ತಲುಪುತ್ತದೆ. ಪ್ಯಾನಿಕ್ ಇಲ್ಲ, ಲಾಗ್ ಇಲ್ಲ, ಏನೂ ಇಲ್ಲ. ಡ್ರೈವರ್ ಹುಟ್ಟಿದ್ದೇ ಗ್ರಾಹಕರನ್ನು ಬೇರೆ ಬೇರೆ ಇಡಲು, ಅದೇ ಅದಲುಬದಲಾಯಿತು.

ಎರಡಕ್ಕೂ ಮದ್ದು ಒಂದೇ ಸಾಲು: ಪುಷ್‌ಗೆ ಮುಂಚೆ ಸ್ಕಿಬಿ ಕೌ ಹೆಡ್ ಕರೆಯುವುದು. ಜಾಗ ಸಾಲದಿದ್ದರೆ ಅಥವಾ ಹೆಡರ್ ಹಂಚಿಕೊಂಡಿದ್ದರೆ ಅದು ಹೊಸ ಬಫರ್ ಮಾಡಿಕೊಡುತ್ತದೆ. ಆಗದಿದ್ದರೆ ಎರರ್ ಕೊಡುತ್ತದೆ, ಆಗ ಪ್ಯಾಕೆಟ್ ಬಿಸಾಡಿ. ಒಂದು ಎಚ್ಚರ: ಈ ಥರದ ಯಾವ ಕರೆಯಾದರೂ ಬಫರನ್ನೇ ಬದಲಿಸಬಹುದು. ಅದಕ್ಕೆ ಮುಂಚೆ ಐಪಿ ಹೆಡರ್‌ಗೋ ಈಥರ್ನೆಟ್ ಹೆಡರ್‌ಗೋ ಪಾಯಿಂಟರ್ ತಗೊಂಡು ಇಟ್ಟಿದ್ದರೆ ಅದು ಹಳೆಯ ಬಫರನ್ನೇ ತೋರಿಸುತ್ತಿರುತ್ತದೆ. ಮತ್ತೆ ತಗೊಳ್ಳಬೇಕು. ಹೆಡರ್ ಒಂದೇ ಕಡೆ ಇರುವಂತೆ ಮಾಡುವ ಪಿಸ್ಕಿಬಿ ಮೇ ಪುಲ್ ಕಂಡ ಕಡೆಯೂ ಇದನ್ನೇ ನೋಡಿ. ಡ್ರೈವರ್ ರಿವ್ಯೂನಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ನಾಲ್ಕನೆಯದು ಎದುರು ತುದಿಯ ಪಾಯಿಂಟರ್. ಸುಮ್ನೆ ಓದಿ ಬಳಸಿದ್ದಾರೆ. ನೀವು ಪ್ಯಾಕೆಟ್ ಕಳಿಸುತ್ತಿರುವಾಗಲೇ ಇನ್ನೊಂದು ಸಿಪಿಯುನಲ್ಲಿ ಯಾರೋ ಆ ನೇಮ್‌ಸ್ಪೇಸನ್ನೇ ಅಳಿಸಬಹುದು. ಕಂಟೇನರ್ ಲೋಕದಲ್ಲಿ ಇದು ದಿನಾ ನಡೆಯುವ ಸಂಗತಿ. ವೆತ್ ಇದನ್ನು ಹೇಗೆ ನಿಭಾಯಿಸುತ್ತದೆ ನೋಡಿ. ಪಾಯಿಂಟರನ್ನು ಆರ್‌ಸಿಯು (ಲಾಕ್ ಇಲ್ಲದೆ ಸುರಕ್ಷಿತವಾಗಿ ಓದುವ ಕರ್ನಲ್ ವಿಧಾನ) ಮೂಲಕ ಒಂದು ಸಲ ಓದುತ್ತದೆ, ನಲ್ ಇದ್ದರೆ ಪ್ಯಾಕೆಟ್ ಬಿಸಾಡುತ್ತದೆ. ಅಳಿಸುವ ಫಂಕ್ಷನ್ ಎರಡೂ ಕಡೆಯ ಪಾಯಿಂಟರ್ ನಲ್ ಮಾಡುತ್ತದೆ, ಎರಡೂ ಡಿವೈಸನ್ನು ಅಳಿಸುವ ಪಟ್ಟಿಗೆ ಸೇರಿಸುತ್ತದೆ. ಈಗ ಓದುತ್ತಿರುವವರೆಲ್ಲ ಮುಗಿಸುವವರೆಗೆ ಕರ್ನಲ್ ಮೆಮೊರಿ ಬಿಡುವುದಿಲ್ಲ. ನಿಮ್ಮ ಡ್ರೈವರ್‌ನಲ್ಲೂ ಇದೇ ಆಗಬೇಕು. ಒಂದು ತುದಿ ಅಳಿಸಿದರೆ ಇನ್ನೊಂದರ ಗತಿ ಏನು ಎಂದು ಬರೆದವರನ್ನು ಕೇಳಿ. ಉತ್ತರ ತಡವಾಗಿ ಬಂದರೆ ಅಳಿಸುವ ಫಂಕ್ಷನನ್ನು ಇನ್ನೊಮ್ಮೆ ಓದಿ.

ಇದೇ ಸಾಲಿನ ಇನ್ನೊಂದು ತಪ್ಪು, ಎಣಿಕೆಯದು. ಡಿವೈಸ್‌ನ ರೆಫರೆನ್ಸ್ ಹಿಡಿದವರು ಪ್ರತಿ ದಾರಿಯಲ್ಲೂ ಬಿಡಬೇಕು. ಒಂದು ಎರರ್ ದಾರಿಯಲ್ಲಿ ಬಿಡಲು ಮರೆತರೂ ಡಿವೈಸ್ ಅಳಿಸಲು ಆಗುವುದಿಲ್ಲ. ‘ಅನ್‌ರಿಜಿಸ್ಟರ್ ನೆಟ್‌ಡಿವೈಸ್: ವೇಟಿಂಗ್ ಫಾರ್’ ಎಂದು ಶುರುವಾಗಿ ‘ಯೂಸೇಜ್ ಕೌಂಟ್’ ಎಂದು ಮುಗಿಯುವ ಸಾಲು ಲಾಗ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಡಾಕರ್ ನಡೆಸುವ ಯಾರನ್ನಾದರೂ ಕೇಳಿ, ಈ ಸಾಲಿನ ಹೆಸರೆತ್ತಿದರೆ ಮುಖ ಸಣ್ಣಗಾಗುತ್ತದೆ. ನೇಮ್‌ಸ್ಪೇಸ್ ಅಳಿಸುವ ಕೆಲಸ ಅಲ್ಲೇ ಕಾಯುತ್ತಾ ಕೂರುತ್ತದೆ, ಕೊನೆಗೆ ರೀಬೂಟೇ ಗತಿ. ಹಿಡಿದದ್ದು ಯಾರು ಎಂದು ದಾಖಲೆ ಇಡುವ ಟ್ರ್ಯಾಕರ್ ಈಗ ಕರ್ನಲ್‌ನಲ್ಲಿದೆ. ಹೊಸ ಕೋಡ್‌ನಲ್ಲಿ ರೆಫರೆನ್ಸ್ ಹಿಡಿಯುವ ಹಳೆಯ ಡೆವ್ ಹೋಲ್ಡ್ ಕಂಡರೆ ಟ್ರ್ಯಾಕರ್ ಇರುವ ಹೊಸದನ್ನು ಬಳಸಲು ಹೇಳಿ.

ಡಿವೈಸ್‌ನಲ್ಲಿ ಟೈಮರ್ ಅಥವಾ ವರ್ಕ್ ಇದೆಯಾ ಎಂದು ಪಟ್ಟಿ ಮಾಡಲು ಹೇಳಿದ್ದು ಇದಕ್ಕೇ. ಅಳಿಸುವಾಗ ‘ವರ್ಕ್ ಮುಗಿಯುವವರೆಗೆ ಕಾದು ರದ್ದು ಮಾಡು’ ಎನ್ನುವ ಕರೆ ಇರಬೇಕು. ಆದರೆ ಅಳಿಸುವ ಫಂಕ್ಷನ್ ಓಡುವುದೇ ಆರ್‌ಟಿಎನ್‌ಎಲ್ ಲಾಕ್ (ನೆಟ್‌ವರ್ಕ್ ಸೆಟ್ಟಿಂಗ್ ಬದಲಿಸುವಾಗ ಹಿಡಿಯುವ ದೊಡ್ಡ ಲಾಕ್) ಒಳಗೆ. ವರ್ಕ್ ಒಳಗೂ ಅದೇ ಲಾಕ್ ಕೇಳಿದರೆ? ಇದು ಅದಕ್ಕೆ ಕಾಯುತ್ತದೆ, ಅದು ಇದಕ್ಕೆ ಕಾಯುತ್ತದೆ. ಐಪಿ ಕಮಾಂಡ್ ಹೊಡೆದವರೆಲ್ಲ ನೇತಾಡುತ್ತಾರೆ. ನಾನು ನೋಡಿದ ಒಂದು ಡ್ರೈವರ್‌ನಲ್ಲಿ ವರ್ಕ್ ಎಲ್ಲೋ ನಾಲ್ಕು ಫಂಕ್ಷನ್ ಆಚೆ ಆ ಲಾಕ್ ತಗೊಳ್ಳುತ್ತಿತ್ತು. ಕಣ್ಣಿಗೆ ಕಾಣುವ ಹಾಗೇ ಇರಲಿಲ್ಲ, ಲಾಕ್ ತಪ್ಪು ಹುಡುಕುವ ಲಾಕ್‌ಡೆಪ್ ಹಿಡಿಯಿತು. ವರ್ಕ್ ಒಳಗೆ ಲಾಕ್ ಸಿಕ್ಕಿದರೆ ತಗೊ, ಇಲ್ಲದಿದ್ದರೆ ಆಮೇಲೆ ನೋಡೋಣ ಎನ್ನುವ ಟ್ರೈಲಾಕ್ ದಾರಿ ಇದೆ. ಹಲವು ಕಾರ್ಡ್ ಒಂದಾಗಿಸುವ ಬಾಂಡಿಂಗ್ ಡ್ರೈವರ್ ಅದನ್ನೇ ಮಾಡುತ್ತದೆ.

ಹುಟ್ಟಿಸುವ ಕಡೆ ನೋಡಬೇಕಾದ್ದು ಒಂದೇ. ಡಿವೈಸ್ ರಿಜಿಸ್ಟರ್ ಆದ ಕ್ಷಣದಿಂದ ಅದು ಜಗತ್ತಿಗೆ ಕಾಣುತ್ತದೆ, ಯಾರು ಬೇಕಾದರೂ ಮುಟ್ಟಬಹುದು. ರಿಜಿಸ್ಟರ್ ಕರೆಯ ಕೆಳಗೆ ಲಾಕ್ ಇನಿಷಿಯಲೈಸ್ ಮಾಡುವ ಸಾಲೋ ಮೆಮೊರಿ ತಗೊಳ್ಳುವ ಸಾಲೋ ಇದ್ದರೆ ಮೇಲೆ ಸರಿಸಲು ಹೇಳಿ.

ಈಗ ಒಂದು ನಿಜವಾದ ಕಥೆ. ನಿಮ್ಮ ಡ್ರೈವರ್‌ಗೆ ಇದು ನೇರವಾಗಿ ತಟ್ಟುತ್ತದೆ. ವೆತ್‌ನ ಕಳಿಸುವ ಫಂಕ್ಷನ್‌ನಲ್ಲಿ ಹಿಂದೆ ಒಂದು ಇಫ್ ಇತ್ತು. ಪ್ಯಾಕೆಟ್‌ನ ಚೆಕ್‌ಸಮ್ (ಡೇಟಾ ಕೆಟ್ಟಿದೆಯಾ ಎಂದು ಹೇಳುವ ಲೆಕ್ಕ) ಸ್ಥಿತಿ ‘ಪರೀಕ್ಷಿಸಿಲ್ಲ’ ಎಂದಿದ್ದರೆ ಅದನ್ನು ‘ಪರೀಕ್ಷೆ ಬೇಕಿಲ್ಲ’ ಎಂದು ಬದಲಿಸುತ್ತಿತ್ತು. ಯೋಚನೆ ಮೇಲ್ನೋಟಕ್ಕೆ ಸರಿ: ಎರಡೂ ತುದಿ ಒಂದೇ ಮಶೀನ್‌ನಲ್ಲಿವೆ, ಮೆಮೊರಿಯಲ್ಲೇ ಓಡಾಡುವ ಪ್ಯಾಕೆಟ್ ಯಾಕೆ ಕೆಡುತ್ತದೆ, ಸುಮ್ನೆ ಸಿಪಿಯು ಯಾಕೆ ಸುಡಬೇಕು? ಆದರೆ ಕಂಟೇನರ್‌ಗಳು ಬಂದ ಮೇಲೆ ವೆತ್‌ಗೆ ಬರುವ ಪ್ಯಾಕೆಟ್‌ಗಳೆಲ್ಲ ಮಶೀನ್ ಒಳಗೆ ಹುಟ್ಟಿದವಲ್ಲ. ಹೊರಗಿನ ತಂತಿಯಿಂದ ನಿಜವಾದ ಕಾರ್ಡಿಗೆ ಬಂದು, ರೂಟ್ ಆಗಿ, ವೆತ್ ಮೂಲಕ ಕಂಟೇನರ್ ಸೇರುವವೇ ಜಾಸ್ತಿ. ಚೆಕ್‌ಸಮ್ ತಪ್ಪಿದೆ ಎಂದು ಕಾರ್ಡಿಗೆ ಕಂಡರೂ ಅದು ‘ಪರೀಕ್ಷಿಸಿಲ್ಲ’ ಎಂದೇ ಮೇಲಕ್ಕೆ ಕೊಡಬಹುದು, ಮೇಲಿನವರು ನೋಡಿಕೊಳ್ಳಲಿ ಎಂದು. ವೆತ್ ಅದರ ಮೇಲೆ ‘ಬೇಕಿಲ್ಲ’ ಎಂದು ಮುದ್ರೆ ಒತ್ತಿತು. ಟಿಸಿಪಿ ನಂಬಿತು. ಕೆಟ್ಟ ಡೇಟಾ ನೇರವಾಗಿ ಅಪ್ಲಿಕೇಶನ್‌ಗೆ ಹೋಯಿತು.

ಇದನ್ನು ಕಂಡುಹಿಡಿದದ್ದು ಟ್ವಿಟರ್‌ನ ಎಂಜಿನಿಯರ್‌ಗಳು. 2016ರ ಆರಂಭದಲ್ಲಿ ವಿಷಯ ಎಲ್ಲರಿಗೂ ತಿಳಿಯಿತು. ಅಷ್ಟರಲ್ಲಿ ಆ ಕೋಡ್ ವರ್ಷಗಟ್ಟಲೆ ಓಡಿತ್ತು. ಡಾಕರ್ (ಐಪಿವಿ6 ಬಳಸಿದಾಗ), ಕುಬರ್ನೆಟೀಸ್, ಮೆಸೋಸ್ ಎಲ್ಲಕ್ಕೂ ತಟ್ಟುವ ತಪ್ಪು. ಸರಿಪಡಿಸಿದ್ದು ಹೇಗೆ ಗೊತ್ತಾ? ಆ ಇಫ್ ಮತ್ತು ಅದರ ಕೆಳಗಿನ ಸಾಲನ್ನು ತೆಗೆದುಹಾಕಿದರು, ಅಷ್ಟೇ. ಹಾಗಾಗಿ ನಿಮ್ಮ ಸೀನಿಯರ್ ಕೋಡ್‌ನಲ್ಲಿ ಈ ಚೆಕ್‌ಸಮ್ ಸ್ಥಿತಿ ಇಡುವ ‘ಐಪಿ ಸಮ್ಡ್’ ಎನ್ನುವ ಫೀಲ್ಡಿಗೆ ಬೆಲೆ ಹಾಕುವ ಯಾವ ಸಾಲು ಕಂಡರೂ ಅಲ್ಲೇ ನಿಲ್ಲಿ. ಹೊರಗಿನಿಂದ ಬಂದ ಪ್ಯಾಕೆಟ್ ಈ ದಾರಿಯಲ್ಲಿ ಬಂದರೆ ಏನಾಗುತ್ತದೆ ಎಂದು ಕೇಳಿ. ಹಳೆಯ ವೆತ್‌ನಿಂದ ಕಾಪಿ ಹೊಡೆದು ಶುರು ಮಾಡಿದ ಡ್ರೈವರ್ ಆಗಿದ್ದರೆ ಈ ಸಾಲು ಅದರ ಜೊತೆಗೇ ಬಂದಿರುವ ಸಾಧ್ಯತೆ ಇದೆ.

ನೇಮ್‌ಸ್ಪೇಸ್ ದಾಟುವುದರಲ್ಲೂ ಇಂಥದ್ದೇ ಒಂದು ವಿಷಯ. ಎಸ್‌ಕೆಬಿ ಜೊತೆ ಹಳೆಯ ನೇಮ್‌ಸ್ಪೇಸ್‌ನ ರೂಟ್, ಕನೆಕ್ಷನ್ ಟ್ರ್ಯಾಕಿಂಗ್, ಮಾರ್ಕ್ ಎಲ್ಲ ಅಂಟಿಕೊಂಡಿರುತ್ತವೆ. ನಿಮ್ಮ ಫಂಕ್ಷನ್ ಬರೀ ಡಿವೈಸ್ ಪಾಯಿಂಟರ್ ಬದಲಿಸಿ ದಾಟಿಸುತ್ತಿದೆ. ಆ ಕಡೆಯ ಫೈರ್‌ವಾಲ್ ಈ ಕಡೆಯ ತೀರ್ಮಾನ ನೋಡುತ್ತದೆ. ಸ್ಕಿಬಿ ಸ್ಕ್ರಬ್ ಪ್ಯಾಕೆಟ್ ಎನ್ನುವ ಫಂಕ್ಷನ್ ಇರುವುದೇ ಇದನ್ನೆಲ್ಲ ತೊಳೆಯಲು. ವೆತ್‌ನಲ್ಲಿ ಫಾರ್ವರ್ಡ್ ಮಾಡುವ ಫಂಕ್ಷನ್ ಒಳಗೇ ಆ ಕೆಲಸ ಆಗಿಬಿಡುತ್ತದೆ.

ಲೂಪ್ ಬಗ್ಗೆಯೂ ನೋಡಿ. ವರ್ಚುವಲ್ ಡಿವೈಸ್ ಮೇಲೆ ವರ್ಚುವಲ್ ಡಿವೈಸ್ ಪೇರಿಸುತ್ತಾ ಹೋದರೆ ಪ್ಯಾಕೆಟ್ ತಿರುಗಿ ಅದೇ ಜಾಗಕ್ಕೆ ಬರಬಹುದು. ಕಳಿಸುವ ಫಂಕ್ಷನ್ ಒಳಗಿಂದ ಇನ್ನೊಂದು ಕಳಿಸುವ ಫಂಕ್ಷನ್ ಕರೆಯುವ ಡ್ರೈವರ್ ಆದರೆ ಕರ್ನಲ್ ಆಳ ಎಣಿಸುತ್ತದೆ. ಮಿತಿ ಮೊದಲು 10 ಇತ್ತು, ಈಗ 8. ಮೀರಿದರೆ ‘ಡೆಡ್ ಲೂಪ್ ಆನ್ ವರ್ಚುವಲ್ ಡಿವೈಸ್’, ಅದರ ಮುಂದೆ ‘ಫಿಕ್ಸ್ ಇಟ್ ಅರ್ಜೆಂಟ್ಲಿ!’ ಎಂದು ಬೈಯುತ್ತದೆ. ಕರ್ನಲ್ ಲಾಗ್‌ನಲ್ಲಿ ಇಷ್ಟು ಜೋರಾಗಿ ಕೂಗುವ ಸಾಲು ಕಡಿಮೆ. ಆದರೆ ನಿಮ್ಮ ಡ್ರೈವರ್ ನೆಟ್‌ಇಫ್ ಆರ್‌ಎಕ್ಸ್ ಮೂಲಕ ಬ್ಯಾಕ್‌ಲಾಗ್‌ಗೆ ಹಾಕುವುದರಿಂದ ಸ್ಟ್ಯಾಕ್ ಬೆಳೆಯುವುದಿಲ್ಲ, ಈ ಎಣಿಕೆಗೂ ಸಿಗುವುದಿಲ್ಲ. ಲೂಪ್ ಬಿದ್ದರೆ ಸುಮ್ಮನೆ ಸಿಪಿಯು ತಿನ್ನುತ್ತಾ ತಿರುಗುತ್ತದೆ. ವೆತ್‌ನ ಎರಡೂ ತುದಿಯನ್ನು ಒಂದೇ ಬ್ರಿಡ್ಜ್‌ಗೆ ಸೇರಿಸಿದರೂ ಇದೇ ಕಥೆ, ಹಾಗಾಗಿ ಡ್ರೈವರ್‌ನ ತಪ್ಪು ಅನ್ನಲಾರೆ. ವಿವರಣೆಯಲ್ಲಿ ಒಂದು ಸಾಲು ಇರಲಿ.

ಫೀಚರ್ ಫ್ಲ್ಯಾಗ್‌ಗಳ ಸಾಲನ್ನೂ ಓದಿ. ಜಿಎಸ್‌ಒ ಎಂದರೆ ಹಲವು ಪ್ಯಾಕೆಟ್‌ಗಳನ್ನು ಒಂದೇ ಮೂಟೆಯಾಗಿ ಸಾಗಿಸಿ ಕೊನೆಗೆ ಒಡೆಯುವುದು. ‘ನಾನು ಜಿಎಸ್‌ಒ ಸಂಭಾಳಿಸುತ್ತೇನೆ’ ಎಂದು ಡ್ರೈವರ್ ಹೇಳಿಕೊಂಡರೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1500 ಇದ್ದರೂ 64 ಕಿಲೋಬೈಟ್‌ವರೆಗಿನ ಎಸ್‌ಕೆಬಿ ಬರುತ್ತದೆ. ಆ ಇಡೀ ಮೂಟೆಗೆ ಒಂದೇ ಟ್ಯಾಗ್ ಸಾಕಾ ಎಂದು ಅವರೇ ಹೇಳಬೇಕು. ಇನ್ನು, ಅಷ್ಟು ದೊಡ್ಡ ಪ್ಯಾಕೆಟ್‌ನ ಡೇಟಾ ಒಂದೇ ಕಡೆ ಇರುವುದಿಲ್ಲ. ಮೊದಲ ಸ್ವಲ್ಪ ಭಾಗ ಡೇಟಾ ಪಾಯಿಂಟರ್ ತೋರಿಸುವ ಕಡೆ ಇರುತ್ತದೆ, ಉಳಿದದ್ದು ಬೇರೆ ಪೇಜ್‌ಗಳಲ್ಲಿ. ಎಲ್ಲಾದರೂ ಡೇಟಾ ಪಾಯಿಂಟರ್‌ನಿಂದ ಪೂರ್ತಿ ಉದ್ದಕ್ಕೆ ಮೆಮ್‌ಕಾಪಿ ಮಾಡಿದ್ದರೆ ಬೇರೆ ಯಾರದೋ ಮೆಮೊರಿ ಕಾಪಿ ಆಗುತ್ತದೆ. ಸಣ್ಣ ಪಿಂಗ್‌ನಲ್ಲಿ ಎಲ್ಲವೂ ಒಂದೇ ಕಡೆ ಇರುವುದರಿಂದ ಕಾಣುವುದೇ ಇಲ್ಲ. ಸ್ಕಿಬಿ ಕಾಪಿ ಬಿಟ್ಸ್ ಬಳಸಲು ಹೇಳಿ.

ಟೂಲ್‌ಗಳು. ಚೆಕ್‌ಪ್ಯಾಚ್ ನೋಡುವುದು ಸ್ಪೇಸು, ಟ್ಯಾಬು, ಬರವಣಿಗೆಯ ಶೈಲಿ. ಅದು ಪಾಸಾದರೆ ಖುಷಿಪಡಿ, ಅಷ್ಟಕ್ಕೆ ಬಿಡಿ. ಕೇಳಬೇಕಾದ್ದು ಕೇಸ್ಯಾನ್ (ಫ್ರೀ ಆದ ಮೆಮೊರಿ ಮುಟ್ಟಿದರೆ ಹಿಡಿಯುತ್ತದೆ), ಲಾಕ್‌ಡೆಪ್, ಕೆಮೆಮ್‌ಲೀಕ್ (ಬಿಡದ ಮೆಮೊರಿ ಹುಡುಕುತ್ತದೆ) ಮೂರನ್ನೂ ಹಾಕಿ ಕಟ್ಟಿದ ಕರ್ನಲ್ ಮೇಲೆ ಓಡಿಸಿದ ಫಲಿತಾಂಶ. ಜೊತೆಗೆ ಸೋರ್ಸ್ ಕೋಡ್ ಓದಿ ತಪ್ಪು ಹುಡುಕುವ ಸ್ಪಾರ್ಸ್ ಓಡಿಸಿದರೆ ಟ್ಯಾಗ್‌ನ ಬೈಟ್ ಆರ್ಡರ್ ತಪ್ಪುಗಳೂ ಆರ್‌ಸಿಯು ಗುರುತಿಲ್ಲದ ಪಾಯಿಂಟರ್‌ಗಳೂ ಸಿಗುತ್ತವೆ, ಫೀಲ್ಡ್‌ಗಳಿಗೆ ಸರಿಯಾದ ಟೈಪ್ ಕೊಟ್ಟಿದ್ದರೆ. ಟೆಸ್ಟ್ ಕೂಡ ಬೇರೆ ಥರ ಬೇಕು. ಐಪರ್ಫ್ ಓಡುತ್ತಿರುವಾಗಲೇ ಎದುರು ತುದಿ ಡೌನ್ ಮಾಡಿ. ಓಡುತ್ತಿರುವಾಗಲೇ ನೇಮ್‌ಸ್ಪೇಸ್ ಅಳಿಸಿ, ಮತ್ತೆ ಹುಟ್ಟಿಸಿ, ಇದನ್ನು ಲೂಪ್‌ನಲ್ಲಿ ರಾತ್ರಿಯಿಡೀ ಬಿಡಿ. ಮೂರು ಡಿವೈಸ್ ಒಂದು ಬ್ರಿಡ್ಜ್‌ಗೆ ಸೇರಿಸಿ ಬ್ರಾಡ್‌ಕಾಸ್ಟ್ ಕಳಿಸಿ, ಆ ಕಡೆ ಟ್ಯಾಗ್ ಓದಿ ನೋಡಿ.

ಸೀನಿಯರ್ ಬರೆದ ಕೋಡ್, ಹೇಗೆ ಹೇಳೋದು ಎನ್ನುವ ಮುಜುಗರ ನಿಮ್ಮ ಪತ್ರದಲ್ಲಿ ಕಾಣುತ್ತದೆ. ಪ್ರಶ್ನೆಯಾಗಿ ಕೇಳಿ, ಆದರೆ ಸುತ್ತಿ ಬಳಸಿ ಬೇಡ. ‘ಸರ್, ನೆಟ್‌ಇಫ್ ಆರ್‌ಎಕ್ಸ್ ಆದ ಮೇಲೆ ಈ ಎಸ್‌ಕೆಬಿ ಇನ್ನೊಂದು ಸಿಪಿಯುನಲ್ಲಿ ಫ್ರೀ ಆಗಿರಬಹುದಲ್ವಾ? ಉದ್ದ ಮೊದಲೇ ತಗೊಂಡರೆ ಹೇಗೆ?’ ಎಂದು ಬರೆದರೆ ಸಾಕು. ಸಾಲು, ತೊಂದರೆ, ದಾರಿ ಮೂರೂ ಅದರಲ್ಲಿದೆ. ‘ಇದು ಸರಿ ಕಾಣುತ್ತಿಲ್ಲ’ ಎಂದು ಮಾತ್ರ ಬರೆದರೆ ಅವರಿಗೂ ಕಿರಿಕಿರಿ, ನಿಮಗೂ ಉತ್ತರ ಸಿಗುವುದಿಲ್ಲ. ವೇರಿಯೇಬಲ್ ಹೆಸರು, ಕಾಮೆಂಟ್‌ನ ಸ್ಪೆಲ್ಲಿಂಗ್ ಇತ್ಯಾದಿ ಮೊದಲ ಸುತ್ತಿನಲ್ಲಿ ಎತ್ತಲೇಬೇಡಿ. ನಾಲ್ಕು ದೊಡ್ಡ ಮಾತು ಹದಿನೈದು ಚಿಕ್ಕ ಮಾತಿನ ಮಧ್ಯೆ ಕಳೆದುಹೋಗುತ್ತವೆ.

ಮುಂದೆ ಇದನ್ನು ಕರ್ನಲ್ ಒಳಗೇ ಸೇರಿಸುವ ಯೋಚನೆ ಇದ್ದರೆ ಕರ್ನಲ್‌ನ ನೆಟ್‌ವರ್ಕ್ ಭಾಗ ನೋಡಿಕೊಳ್ಳುವ ನೆಟ್‌ಡೆವ್‌ನವರ ಕ್ರಮಗಳು ಬೇರೆಯೇ ಇವೆ. ಹೊಸ ಡ್ರೈವರ್ ಹೋಗುವುದು ಅವರ ನೆಟ್ ನೆಕ್ಸ್ಟ್ ಎನ್ನುವ ಕೋಡ್ ಶಾಖೆಗೆ, ಮರ್ಜ್ ವಿಂಡೋ (ಹೊಸ ಕರ್ನಲ್‌ಗೆ ಬದಲಾವಣೆ ಸೇರಿಸುವ ಅವಧಿ) ಸಮಯದಲ್ಲಿ ಅದು ಮುಚ್ಚಿರುತ್ತದೆ. ಒಂದು ಸಲ ಕಳಿಸಿದ ಮೇಲೆ ತಿದ್ದಿ ಮತ್ತೆ ಕಳಿಸಲು 24 ಗಂಟೆಯಾದರೂ ಕಾಯಬೇಕು, ಒಂದು ಸರಣಿಯಲ್ಲಿ 15ಕ್ಕಿಂತ ಜಾಸ್ತಿ ಪ್ಯಾಚ್ ಇರಬಾರದು. ‘ರಿವ್ಯೂಡ್ ಬೈ’ ಎಂದು ನಿಮ್ಮ ಹೆಸರು ಹೋದರೆ, ಕೋಡ್ ಪರೀಕ್ಷಿಸಿದ್ದೇನೆ, ನನ್ನ ತಕರಾರುಗಳಿಗೆ ಸಮಾಧಾನ ಸಿಕ್ಕಿದೆ ಎಂದು ಸಹಿ ಹಾಕಿದ ಹಾಗೆ. ಕಳಿಸುವ ಭಾಗ ಮಾತ್ರ ನೋಡಿದ್ದೇನೆ ಎಂದು ಬರೆಯಲು ಸಂಕೋಚಪಡಬೇಡಿ, ಅಲ್ಲಿ ಎಷ್ಟೋ ಜನ ಹಾಗೇ ಬರೆಯುತ್ತಾರೆ.

ನಿಮ್ಮ ಪತ್ರದಲ್ಲಿ ಟ್ಯಾಗ್ ಓದಿ ತೆಗೆಯುವ ಕಡೆಯ ಫಂಕ್ಷನ್ ಇಲ್ಲ, ಅಳಿಸುವ ಫಂಕ್ಷನ್ ಕೂಡ ಇಲ್ಲ. ಮೇಲಿನ ನಾಲ್ಕು ಸರಿಯಾದ ಮೇಲೂ ಅವೆರಡನ್ನು ಓದದೆ ಅಪ್ರೂವ್ ಮಾಡಬೇಡಿ. ಓದುವ ಕಡೆ ಮೊದಲು ನೋಡಬೇಕಾದ್ದು: 8 ಬೈಟ್‌ಗಿಂತ ಚಿಕ್ಕ ಪ್ಯಾಕೆಟ್ ಬಂದರೆ ಏನು ಮಾಡುತ್ತದೆ. ಆ ತುದಿಗೆ ಪ್ಯಾಕೆಟ್ ಬರುವುದು ಈ ತುದಿಯಿಂದ ಮಾತ್ರ ಎಂದು ನಂಬಿ ಆ ಪರೀಕ್ಷೆ ಬಿಟ್ಟಿದ್ದರೆ ಹಾಕಲು ಹೇಳಿ, ಯಾಕೆಂದರೆ ಆ ನಂಬಿಕೆ ಕೋಡ್‌ನಲ್ಲಿ ಎಲ್ಲೂ ಬರೆದಿರುವುದಿಲ್ಲ. ಆ ಎರಡು ಫಂಕ್ಷನ್ ಕಳಿಸಿ, ನೋಡಿ ಹೇಳುತ್ತೇನೆ.